ತುಪ್ಪ ಬಿಟ್ಟ ಜಾಗದಲ್ಲಿ ಏನು ಬಂತು? ರಕ್ತನಾಳಗಳಿಗಾಗಿ ಊಟ ಬದಲಿಸುವ ಬಗೆ

ಕೊಲೆಸ್ಟ್ರಾಲ್ ಹೆಚ್ಚಾಗಿದೆ ಎಂದು ಲ್ಯಾಬ್ ವರದಿ ಬಂದ ದಿನ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಮೊದಲು ಗಡೀಪಾರಾಗುವುದು ತುಪ್ಪದ ಡಬ್ಬಿ. ಹೋಳಿಗೆಯ ಮೇಲೆ ತುಪ್ಪ ಬೇಡ, ರೊಟ್ಟಿಗೆ ಬೆಣ್ಣೆ ಬೇಡ, ಕೊನೆಗೆ ಶೇಂಗಾ ಚಟ್ನಿಯೂ ಬೇಡ. ಹೊಟ್ಟೆ ಸುಮ್ಮನಿರುತ್ತದೆಯೇ? ಬೆಳಗಿನ ಚಹಾದ ಜೊತೆ ಎರಡು ಟೋಸ್ಟ್ ಹೆಚ್ಚಾಗುತ್ತವೆ, ಮಧ್ಯಾಹ್ನ ಇನ್ನೊಂದು ಸೌಟು ಅನ್ನ ಬೀಳುತ್ತದೆ, ಸಂಜೆ ಒಂದು ತಾಟು ಚುರುಮುರಿ ಹೊಸದಾಗಿ ಸೇರಿಕೊಳ್ಳುತ್ತದೆ. ಮುಂದಿನ ವರದಿಯಲ್ಲಿ ಎಲ್‌ಡಿಎಲ್ (ಕೆಟ್ಟದ್ದೆನ್ನುವ ಕೊಲೆಸ್ಟ್ರಾಲ್) ಒಂದಿಷ್ಟು ಇಳಿದು ಟ್ರೈಗ್ಲಿಸರೈಡ್ (ರಕ್ತದಲ್ಲಿ ಸುತ್ತುವ ಇನ್ನೊಂದು ಬಗೆಯ ಕೊಬ್ಬು) ಏರಿ ಕುಳಿತಿರುತ್ತದೆ. ಇಷ್ಟು ಪಥ್ಯ ಮಾಡಿದರೂ ಹೀಗೇಕೆ ಎಂದು ಮನೆಯವರೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ.

ರಕ್ತನಾಳದ ಆರೋಗ್ಯದಲ್ಲಿ ಏನನ್ನು ಬಿಟ್ಟಿರಿ ಎನ್ನುವುದರಷ್ಟೇ, ಬಿಟ್ಟ ಜಾಗಕ್ಕೆ ಏನನ್ನು ತಂದಿರಿ ಎನ್ನುವುದೂ ಮುಖ್ಯ. ಅಮೆರಿಕದ ದಾದಿಯರು ಮತ್ತು ಆರೋಗ್ಯ ವೃತ್ತಿಯವರ ಊಟವನ್ನು ದಶಕಗಳ ಕಾಲ ಗಮನಿಸಿದ ದೊಡ್ಡ ಅಧ್ಯಯನಗಳ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ದಿನದ ಶಕ್ತಿಯ ಶೇ 5ರಷ್ಟನ್ನು ತುಪ್ಪ, ಬೆಣ್ಣೆಯಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬಿನಿಂದ ತೆಗೆದು, ಕುಸುಬಿ ಎಣ್ಣೆಯಲ್ಲಿರುವಂತಹ ಪಾಲಿಅನ್‌ಸ್ಯಾಚುರೇಟೆಡ್ ಕೊಬ್ಬಿಗೆ ಬದಲಿಸಿದಲ್ಲಿ ಹೃದಯ ಕಾಯಿಲೆಯ ಅಪಾಯ ಸುಮಾರು ಶೇ 25ರಷ್ಟು ಕಡಿಮೆ ಕಂಡಿತು. ಇಡೀ ಧಾನ್ಯಕ್ಕೆ ಬದಲಿಸಿದಲ್ಲಿ ಶೇ 9ರಷ್ಟು ಕಡಿಮೆ. ಮೈದಾ, ಸಕ್ಕರೆಯಂತಹ ಸಂಸ್ಕರಿಸಿದ ಪಿಷ್ಟಕ್ಕೆ ಬದಲಿಸಿದಲ್ಲಿ ಹೇಳಿಕೊಳ್ಳುವ ಲಾಭವೇ ಇರಲಿಲ್ಲ. ತುಪ್ಪ ಬಿಟ್ಟು ಟೋಸ್ಟ್ ಹಿಡಿದವರ ಕಥೆ ಇದೇ. ಮುಂದಿನ ಹಂತಗಳನ್ನೆಲ್ಲ ಈ ಅದಲುಬದಲಿನ ಲೆಕ್ಕದಲ್ಲೇ ಓದಿಕೊಳ್ಳಿ.

ಹಂತ 1: ನಾಳದ ಗೋಡೆಯಲ್ಲಿ ನಡೆಯುವುದನ್ನು ತಿಳಿದುಕೊಳ್ಳಿ

ತಿಂದ ಕೊಬ್ಬು ಹೋಗಿ ನಾಳದ ಒಳಮೈಗೆ ಅಂಟುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ಹಾಗೆ ನಡೆಯುವುದಿಲ್ಲ. ನಾಳದ ಒಳಮೈಗೆ ಒಂದೇ ಸಾಲು ಜೀವಕೋಶಗಳ ಪದರವಿದೆ. ಅದರ ಹೆಸರು ಎಂಡೋಥೀಲಿಯಂ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊರಸೂಸಿ ನಾಳವನ್ನು ಹಿಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು.

ಕೊಬ್ಬಿನ ದಾರಿ ಹೀಗಿದೆ. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಾಗ, ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆಯುವ ಯಕೃತ್ತಿನ ಗ್ರಾಹಕಗಳು ಕಡಿಮೆಯಾಗುತ್ತವೆ. ಕಣಗಳು ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತವೆ. ಅವುಗಳಲ್ಲಿ ಕೆಲವು ಒಳಪದರವನ್ನು ದಾಟಿ ಗೋಡೆಯೊಳಗೆ ಸೇರಿ ಅಲ್ಲೇ ಕೆಡುತ್ತವೆ. ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಉಳಿಯುತ್ತವೆ. ನಾಳವನ್ನು ಕಿರಿದಾಗಿಸುವ ಕೊಬ್ಬಿನ ಗಡ್ಡೆಯ ಆರಂಭ ಅದು, ನಾಳದ ಗೋಡೆಯ ಒಳಗೆ.

ಪಿಷ್ಟದ ದಾರಿ ಬೇರೆ, ಆದರೆ ಸೇರುವುದು ಅದೇ ಊರಿಗೆ. ಬಿಳಿ ಅನ್ನ, ಮೈದಾ, ಸಕ್ಕರೆ ಒಮ್ಮೆಲೇ ರಕ್ತಕ್ಕಿಳಿದಾಗ ಏರುವ ಗ್ಲೂಕೋಸ್, ನೈಟ್ರಿಕ್ ಆಕ್ಸೈಡ್ ತಯಾರಿಕೆಗೆ ಅಡ್ಡಿ ಮಾಡುತ್ತದೆ. ಖರ್ಚಾಗದೆ ಉಳಿದದ್ದನ್ನು ಯಕೃತ್ತು ಕೊಬ್ಬಾಗಿ ಪರಿವರ್ತಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಟ್ರೈಗ್ಲಿಸರೈಡ್ ಏರಿದಲ್ಲಿ ಒಳ್ಳೆಯದೆನ್ನುವ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್, ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಚಿಕ್ಕದಾಗಿ, ಸಂಖ್ಯೆಯಲ್ಲಿ ಹೆಚ್ಚಾಗುತ್ತವೆ. ಸೊಂಟದ ಸುತ್ತ ಬೊಜ್ಜು ಬೇಗ ಸೇರುವ ಭಾರತೀಯರಲ್ಲಿ ಈ ಎರಡನೆಯ ದಾರಿಯದೇ ಹಾವಳಿ. ತುಪ್ಪವೊಂದನ್ನೇ ಬೈಯುವವರಿಗೆ ಇದು ಕಾಣುವುದಿಲ್ಲ. ತುಪ್ಪ ಎಷ್ಟಾದರೂ ತಿನ್ನಬಹುದು, ಅನ್ನವೇ ವಿಷ ಎಂದು ಮೊಬೈಲಿನಲ್ಲಿ ಭಾಷಣ ಮಾಡುವವರಿಗೆ ಮೊದಲನೆಯ ದಾರಿ ಕಾಣುವುದಿಲ್ಲ.

ಹಂತ 2: ವರದಿಯನ್ನು ಕೆಂಪು ಗುರುತು ಬಿಟ್ಟು ಓದಿ

ಊಟ ಬದಲಿಸುವ ಮೊದಲು ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ಮತ್ತು ಬಿಪಿ ನೋಡಿಸಿಕೊಳ್ಳಿ. ಬಿಪಿ ಮತ್ತು ಸಕ್ಕರೆ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಉಚಿತವಾಗಿಯೇ ಆಗುತ್ತದೆ. ಒಂದು ಅಳತೆ ಟೇಪಿನಿಂದ ಸೊಂಟವನ್ನೂ ಅಳೆಯಿರಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಒಂದು ವರದಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 240. ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ ಲೆಕ್ಕ ಹಾಕುತ್ತವೆ: ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆಯುತ್ತವೆ. ಇಲ್ಲಿ 210ರಿಂದ 38 ಮತ್ತು 48 ಹೋದರೆ 124. ಪರವಾಗಿಲ್ಲ, ಸ್ವಲ್ಪವೇ ಹೆಚ್ಚು ಎನ್ನಿಸುತ್ತದೆ. ಈಗ ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆಯಿರಿ: 172. ಇದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ನಾಳದ ಗೋಡೆಗೆ ನುಗ್ಗಬಲ್ಲ ಕಣಗಳೆಲ್ಲ ಹೊತ್ತಿರುವ ಕೊಲೆಸ್ಟ್ರಾಲ್ ಇದರೊಳಗೆ ಬರುತ್ತದೆ. ಹೃದಯದ ತೊಂದರೆ ಇಲ್ಲದವರಿಗೂ 130ರ ಒಳಗಿದ್ದರೆ ಒಳ್ಳೆಯದು. ಈ ವ್ಯಕ್ತಿ ತುಪ್ಪದ ಡಬ್ಬಿಯ ಕಡೆ ನೋಡುವುದಕ್ಕಿಂತ ಅನ್ನದ ತಪ್ಪೇಲಿ, ಚಹಾದ ಸಕ್ಕರೆ, ಸೊಂಟದ ಸುತ್ತಳತೆ ನೋಡಬೇಕು. ಕುಡಿಯುವ ಅಭ್ಯಾಸವಿದ್ದರೆ ಮೊದಲು ಬಾಟಲಿ.

ಇನ್ನೊಬ್ಬರ ವರದಿಯಲ್ಲಿ ಎಲ್‌ಡಿಎಲ್ 170, ಟ್ರೈಗ್ಲಿಸರೈಡ್ 110 ಇದೆ ಎನ್ನಿ. ಇವರು ಬೆಣ್ಣೆ, ಕೆನೆ, ಕರಿದದ್ದು, ಬೇಕರಿಯ ಕಡೆ ನೋಡಬೇಕು. ಎಲ್‌ಡಿಎಲ್ 190 ದಾಟಿದ್ದರೆ ವಂಶದಿಂದ ಬಂದದ್ದಿರಬಹುದು. ಅದು ಊಟವೊಂದರಿಂದಲೇ ಬಗೆಹರಿಯುವುದಿಲ್ಲ, ವೈದ್ಯರನ್ನು ಕಾಣಿ, ಮಕ್ಕಳಿಗೂ ಪರೀಕ್ಷೆ ಮಾಡಿಸಿ.

ಹಂತ 3: ಎಣ್ಣೆಯ ಲೆಕ್ಕವನ್ನು ತಿಂಗಳಿಗೆ ಹಿಡಿಯಿರಿ

ಒಗ್ಗರಣೆಗೆ ಎಷ್ಟು ಹಾಕುತ್ತೀರಿ ಎಂದು ಕೇಳಿದರೆ ಎಲ್ಲರೂ ‘ಸ್ವಲ್ಪ’ ಎನ್ನುತ್ತಾರೆ. ಕಿರಾಣಿ ಚೀಟಿ ಸುಳ್ಳು ಹೇಳುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದೂಟಕ್ಕೆ ಎಣ್ಣೆ-ಕೊಬ್ಬು 27 ಗ್ರಾಂ ಎಂದಿದೆ. ನಾಲ್ವರು ದೊಡ್ಡವರಿರುವ ಮನೆಗೆ ತಿಂಗಳಿಗೆ ಸುಮಾರು 3.2 ಕಿಲೊ, ಅಂದರೆ ಮೂರೂವರೆ ಲೀಟರ್. ತುಪ್ಪ, ಬೆಣ್ಣೆಯೂ ಇದರಲ್ಲೇ ಬರಬೇಕು. ನಿಮ್ಮ ಮನೆಗೆ ತಿಂಗಳಿಗೆ ಐದು ಲೀಟರಿನ ಡಬ್ಬಿ ಬಂದು ಮೇಲೊಂದು ಪಾಕೀಟು ಬರುತ್ತಿದ್ದರೆ, ಸಮಸ್ಯೆ ಯಾವ ಎಣ್ಣೆ ಎಂಬುದಕ್ಕಿಂತ ಎಷ್ಟು ಎಂಬುದರಲ್ಲಿದೆ.

ತಿಂಗಳ ಮೊದಲ ದಿನ, ಮೂರೂವರೆ ಲೀಟರಿನಲ್ಲಿ ತುಪ್ಪ, ಬೆಣ್ಣೆಯ ಪಾಲು ಕಳೆದು ಉಳಿದಷ್ಟು ಎಣ್ಣೆಯನ್ನು ಬೇರೆ ಡಬ್ಬಿಗೆ ಸುರಿದಿಟ್ಟುಬಿಡಿ. ಇಪ್ಪತ್ತನೆಯ ತಾರೀಖಿಗೆ ತಳ ಕಂಡರೆ ಯಾವ ಪದಾರ್ಥ ಎಣ್ಣೆ ಕುಡಿಯುತ್ತಿದೆ ಎಂದು ತಾನಾಗಿಯೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವವರು ಇಬ್ಬರು: ಎಣ್ಣೆಗಾಯಿ ಮತ್ತು ಭಾನುವಾರದ ಭಜಿ. ಎಣ್ಣೆಗಾಯಿಯ ಹೂರಣಕ್ಕೆ ಶೇಂಗಾ, ಎಳ್ಳು, ಗುರೆಳ್ಳು ಬೀಳುವುದರಿಂದ ಅದರೊಳಗೇ ಬೇಕಾದಷ್ಟು ಎಣ್ಣೆ ಇರುತ್ತದೆ. ಬದನೆಕಾಯಿಯನ್ನು ಮೊದಲು ಹಬೆಯಲ್ಲಿ ಅರ್ಧ ಬೇಯಿಸಿಕೊಂಡು ಆಮೇಲೆ ಒಗ್ಗರಣೆಗೆ ಹಾಕಿದರೆ ಅರ್ಧಕ್ಕರ್ಧ ಎಣ್ಣೆ ಉಳಿಯುತ್ತದೆ. ಮೇಲೆ ತೇಲುವ ಕೆಂಪೆಣ್ಣೆ ಕಾಣದಿದ್ದರೆ ಅತ್ತೆಯವರು ಮುಖ ಸಣ್ಣದು ಮಾಡಬಹುದು. ರುಚಿಗೆ ಮಾತ್ರ ಅಂತಹ ಮೋಸವಾಗುವುದಿಲ್ಲ.

ಹಂತ 4: ಯಾವ ಕೊಬ್ಬು, ಎಲ್ಲಿಂದ ಎಂದು ನೋಡಿ

ನಮ್ಮ ಎರೆ ಭೂಮಿಯ ಹಿಂಗಾರಿ ಜೋಳದ ಹೊಲದ ಸುತ್ತ ಮುಳ್ಳಿನ ಬೇಲಿಯಂತೆ ಕುಸುಬಿ ಸಾಲು ಹಾಕುತ್ತಿದ್ದರು. ದನ ಒಳಗೆ ನುಗ್ಗುತ್ತಿರಲಿಲ್ಲ, ಗಾಣದಿಂದ ವರ್ಷದ ಎಣ್ಣೆಯೂ ಬರುತ್ತಿತ್ತು. ಆ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇ 10ರ ಆಸುಪಾಸು. ಎಲ್‌ಡಿಎಲ್ ಇಳಿಸುವ ಲಿನೋಲಿಯಿಕ್ ಆಮ್ಲವೇ ಮುಕ್ಕಾಲು ಪಾಲು. ಶೇಂಗಾ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಶೇ 20ರ ಒಳಗೆ. ತಾಳೆ ಎಣ್ಣೆಯಲ್ಲಿ ಸರಿಸುಮಾರು ಅರ್ಧ, ತುಪ್ಪದಲ್ಲಿ ಶೇ 60ಕ್ಕೂ ಮೇಲೆ, ಕೊಬ್ಬರಿ ಎಣ್ಣೆಯಲ್ಲಿ ಶೇ 85ಕ್ಕೂ ಮೇಲೆ. ನನ್ನ ಸಲಹೆ ಸರಳ: ಒಂದು ತಿಂಗಳು ಕುಸುಬಿ, ಒಂದು ತಿಂಗಳು ಶೇಂಗಾ. ಕುಸುಬಿ ಸಿಗದಿದ್ದರೆ ಸೂರ್ಯಕಾಂತಿ. ಗಾಣದ್ದೋ ರಿಫೈನ್ಡೋ ಎಂಬ ಜಗಳದಲ್ಲಿ ಸಮಯ ಕಳೆಯಬೇಡಿ. ಕೊಬ್ಬಿನಾಮ್ಲಗಳ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ತುಪ್ಪ? ಸ್ಯಾಚುರೇಟೆಡ್ ಕೊಬ್ಬು ದಿನದ ಶಕ್ತಿಯ ಶೇ 10ರೊಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿಗೆ ಅದು ಸುಮಾರು 22 ಗ್ರಾಂ. ಒಂದು ಚಹಾ ಚಮಚ ತುಪ್ಪದಲ್ಲಿ 3 ಗ್ರಾಂ. ಬಿಸಿ ರೊಟ್ಟಿಗೆ ಒಂದು ಚಮಚ ತುಪ್ಪ ಹಾಕಿಕೊಂಡವರನ್ನು ಮನೆಮಂದಿಯೆಲ್ಲ ದುರುಗುಟ್ಟಿ ನೋಡುವ ಅಗತ್ಯವಿಲ್ಲ. ಲೆಕ್ಕ ತಪ್ಪಿಸುವುದು ಎಮ್ಮೆಯ ಹಾಲು. ಗಟ್ಟಿ ಎಮ್ಮೆ ಹಾಲು ದಿನಕ್ಕೆ 300 ಮಿಲಿ ಒಳಗೆ ಹೋದರೆ ಸುಮಾರು 20 ಗ್ರಾಂ ಕೊಬ್ಬು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್. ಕೆನೆ ತೆಗೆದೇ ಕುಡಿಯುತ್ತೇವೆ ಎನ್ನುತ್ತಾರೆ, ಸರಿ. ಆದರೆ ತೆಗೆದ ಕೆನೆಗೆ ಅದೇ ಮನೆಯಲ್ಲಿ ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ, ತುಪ್ಪ ಮಾಡಿ ತಾಟಿಗೇ ತರುತ್ತಾರೆ. ಕೆನೆ ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ವಾರದ ತುಪ್ಪದಲ್ಲಿ ಮನೆಗೆಷ್ಟು ಎಂದು ನಿಗದಿ ಮಾಡಿ, ಉಳಿದದ್ದನ್ನು ಮಾರಿಬಿಡಿ. ಮನೆಯಲ್ಲಿ ಕಾಯಿಸಿದ ತುಪ್ಪಕ್ಕೆ ಗಿರಾಕಿಗಳು ಸಾಲುಗಟ್ಟುತ್ತಾರೆ. ಮೊಸರು, ಮಜ್ಜಿಗೆ ಬಿಡಬೇಡಿ.

ಎಣ್ಣೆಯನ್ನು ವನಸ್ಪತಿಯಾಗಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಅದು ಎಲ್‌ಡಿಎಲ್ ಏರಿಸುತ್ತದೆ, ಎಚ್‌ಡಿಎಲ್ ಇಳಿಸುತ್ತದೆ, ಎರಡೂ ಕೈಯಿಂದ ಹೊಡೆಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಇದರ ಮಿತಿಯನ್ನು ಶೇ 2ಕ್ಕೆ ಇಳಿಸಿದೆ. ಆದರೂ ವನಸ್ಪತಿಯ ಖಾರಿ ಮತ್ತು ಪಫ್‌ಗಳಿಂದ ದೂರವಿರುವುದು ಲೇಸು, ಏಕೆಂದರೆ ಟ್ರಾನ್ಸ್ ಹೋದ ಕಡೆ ಬಹುಪಾಲು ತಾಳೆ ಎಣ್ಣೆ ಬಂದು ಕೂತಿದೆ, ಕೆಳಗೆ ಮೈದಾ ಹಾಗೇ ಇದೆ. ಬಸ್‌ ನಿಲ್ದಾಣದ ಮಿರ್ಚಿ ಭಜಿ ತಿನ್ನಲೇಬೇಕೆನಿಸಿದರೆ ಬಾಣಲೆಯ ಎಣ್ಣೆಯ ಬಣ್ಣ ನೋಡಿ. ಕಪ್ಪಾಗಿ, ನೊರೆ ಕಟ್ಟಿ, ಹೊಗೆಯಾಡುತ್ತಿದ್ದರೆ ಮುಂದಿನ ಗಾಡಿಗೆ ಹೋಗಿ.

ಹಂತ 5: ಖಾನಾವಳಿಯ ತಾಟನ್ನು ಮನೆಗೆ ತನ್ನಿ, ಅದೇ ಕ್ರಮದಲ್ಲಿ

ಹಳೆಯ ಖಾನಾವಳಿಯೊಂದರಲ್ಲಿ ಕುಳಿತು ತಾಟು ತುಂಬುವುದನ್ನು ಗಮನಿಸಿ. ಮೊದಲು ಹಸಿ ಮೆಂತ್ಯ ಸೊಪ್ಪಿನ ಎಸಳು, ಹಕ್ಕರಕಿ, ಸೌತೆಕಾಯಿ, ಗುದ್ದಿದ ಉಳ್ಳಾಗಡ್ಡಿ. ಮಗ್ಗುಲಿಗೆ ಶೇಂಗಾ ಹಿಂಡಿ, ಅದರ ಗುಂಡಿಯಲ್ಲಿ ಮೊಸರು. ಆಮೇಲೆ ಮಡಕಿ ಕಾಳಿನ ಪಲ್ಯ, ಬದನೆಕಾಯಿ, ಜುಣಕ. ಬಿಸಿ ರೊಟ್ಟಿ. ಅನ್ನ ಬರುವುದು ಕಟ್ಟಕಡೆಗೆ. ಸೊಪ್ಪು, ಕಾಳು, ಮೊಸರು ಮೊದಲು ಹೊಟ್ಟೆ ಸೇರಿದಾಗ ಹಿಂದಿನಿಂದ ಬರುವ ಪಿಷ್ಟ ನಿಧಾನವಾಗಿ ರಕ್ತಕ್ಕಿಳಿಯುತ್ತದೆ, ಊಟದ ನಂತರದ ಗ್ಲೂಕೋಸ್ ಏರಿಕೆ ತಗ್ಗುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ತಾಟಿನ ಕ್ರಮ ಮೊದಲಿನಿಂದಲೂ ಹಾಗೇ ಇತ್ತು. ಮನೆಗಳಲ್ಲಿ ಕುಕ್ಕರ್ ಕೂಗುವುದು ಸುಲಭವೆಂದು ಅನ್ನ ಮುಂದೆ ಬಂದು, ರೊಟ್ಟಿ ಹಬ್ಬಕ್ಕೆ ಉಳಿದದ್ದೇ ಈಚಿನದು.

100 ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ತಟ್ಟಿದ ರೊಟ್ಟಿಗೆ ಕುದಿನೀರು ಬಿಟ್ಟರೆ ಇನ್ನೇನೂ ಬೇಡ, ಚಪಾತಿಯಂತೆ ಎಣ್ಣೆ ಕೇಳುವುದಿಲ್ಲ. ಹಾಗೆಂದು ಜೋಳವೆಂದರೆ ಲೆಕ್ಕವಿಲ್ಲದೆ ತಿನ್ನಬಹುದು ಎನ್ನುವವರಿಗೊಂದು ಮಾತು: 50 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಕಾರ್ಬೋಹೈಡ್ರೇಟ್ ಇದ್ದೇ ಇದೆ. ಪೋಷಣಾ ಸಂಸ್ಥೆಯ ಪ್ರಕಾರ ದಿನಕ್ಕೆ ಧಾನ್ಯ 250 ಗ್ರಾಂ. ನಾಲ್ಕು ರೊಟ್ಟಿ, 50 ಗ್ರಾಂ ಅಕ್ಕಿಯ ಅನ್ನ, ಅಲ್ಲಿಗೆ ಮುಗಿಯಿತು. ಬೆಳಗಿನ ಉಪ್ಪಿಟ್ಟು, ಅವಲಕ್ಕಿ ತಿಂದರೆ ಅದನ್ನೂ ಇದರಲ್ಲೇ ಕಳೆಯಬೇಕು. ಈ ಲೆಕ್ಕ ಕುಳಿತು ಕೆಲಸ ಮಾಡುವವರದು. ದಿನವಿಡೀ ಕಬ್ಬು ಕಡಿಯುವವರಿಗೆ ಇದನ್ನು ಬೋಧಿಸಲು ಹೋಗಬೇಡಿ.

ಅನ್ನ ತಗ್ಗಿಸಿದ ಜಾಗಕ್ಕೆ ಬರಬೇಕಾದದ್ದು ಕಾಳು. ಮಡಕಿ, ಹೆಸರು, ಅಲಸಂದಿ, ತೊಗರಿ ಬೇಳೆ, ಕಡಲೆ ಹಿಟ್ಟಿನ ಜುಣಕ, ಎಲ್ಲ ಸೇರಿ ದಿನಕ್ಕೆ 85 ಗ್ರಾಂ. ಮಾಂಸ, ಮೊಟ್ಟೆ ತಿನ್ನುವವರು ಅದರಲ್ಲೇ ಹೊಂದಿಸಿಕೊಳ್ಳಲಿ. ಕಾಳಿನ ಕರಗುವ ನಾರು ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದು ಹೊರಗೆ ಒಯ್ಯುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ. ಪಾಲಕ್, ರಾಜಗಿರಿ, ಮೆಂತ್ಯದ ಸೊಪ್ಪಿನಲ್ಲಿರುವ ನೈಟ್ರೇಟ್, ಬಾಯಿಯ ಬ್ಯಾಕ್ಟೀರಿಯಾಗಳ ನೆರವಿನಿಂದ ಮೊದಲ ಹಂತದಲ್ಲಿ ಹೇಳಿದ ನೈಟ್ರಿಕ್ ಆಕ್ಸೈಡ್ ಆಗಿ ಮಾರ್ಪಡುತ್ತದೆ. ಸೋಡಾ ಪುಡಿ ಹಾಕಿ ಕುದಿಸಿ ಕುದಿಸಿ ನೀರು ಚೆಲ್ಲಿದರೆ ಅದೆಲ್ಲ ಬಚ್ಚಲಿಗೆ.

ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ದಿವಾನದ ಮೇಲೆ ಒರಗುವುದು ಆಮೇಲೆ.

ಹಂತ 6: ಚಟ್ನಿಪುಡಿಗಳನ್ನು ಔಷಧದ ಗಂಭೀರತೆಯಿಂದ ಮಾಡಿ

ಶೇಂಗಾ ಬಿಟ್ಟವರು ಮತ್ತೆ ಶುರು ಮಾಡಿ. ಅದರ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಒಳ್ಳೆಯ ಜಾತಿಯದು. ಬೀಜ, ಎಣ್ಣೆಕಾಳು ಸೇರಿ ದಿನಕ್ಕೆ 35 ಗ್ರಾಂ ತಿನ್ನಲು ಮಾರ್ಗಸೂಚಿಯೇ ಹೇಳುತ್ತದೆ. ಅಗಸಿಯದು ಇನ್ನೂ ಒಂದು ಕೈ ಮೇಲೆ: ಅದರ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ-3 ಎಂಬ ಒಳ್ಳೆಯ ಕೊಬ್ಬು, ಸಿಪ್ಪೆಯಲ್ಲಿ ಕರಗುವ ನಾರು. ಆದರೆ ಇಡಿಯಾಗಿ ನುಂಗಿದ ಅಗಸಿ ಇಡಿಯಾಗಿಯೇ ಹೊರಹೋಗುತ್ತದೆ, ಪುಡಿ ಮಾಡಲೇಬೇಕು.

ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಅಗಸಿಯನ್ನು ಒಣಗೇ ಹುರಿಯಿರಿ. ಚಟಪಟ ಸದ್ದು ಜೋರಾಗಿ, ಒಂದೆರಡು ಕಾಳು ಬಾಣಲೆಯ ಹೊರಗೆ ಸಿಡಿದಾಗ ಇಳಿಸಿ. ಬಣ್ಣ ಕಪ್ಪಾಗುವವರೆಗೆ ಬಿಟ್ಟರೆ ಕಹಿ ಬರುತ್ತದೆ. ಪೂರ್ತಿ ಆರಿದ ಮೇಲೆ ಒಣಮೆಣಸಿನಕಾಯಿ, ಜೀರಿಗೆ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಚೂರು ಹುಣಸೆ, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಿ. ಬಿಸಿಯಿದ್ದಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ವಾರಕ್ಕಾಗುವಷ್ಟೇ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬಿಸಿಲು ತಾಗದ ಕಡೆ ಇಡಿ, ಒಮೆಗಾ-3 ಬೇಗ ಕಮಟು ಹಿಡಿಯುತ್ತದೆ. ದಿನಕ್ಕೆ ಎರಡು ಚಮಚ ಸಾಕು. ಉಪ್ಪು ಮಾತ್ರ ಕೈ ಹಿಡಿದು ಹಾಕಿ. ದಿನದ ಉಪ್ಪು ಎಲ್ಲ ಸೇರಿ 5 ಗ್ರಾಂ, ಉಪ್ಪಿನಕಾಯಿಯೂ ಅದರಲ್ಲೇ ಪಾಲು ಕೇಳುತ್ತದೆ.

ಹಂತ 7: ಚಹಾ, ಬೆಲ್ಲ, ಕರದಂಟು, ಉಪವಾಸ

ಸಿಹಿ ತಿನ್ನುವುದೇ ಇಲ್ಲ ಎನ್ನುವವರ ಚಹಾ ಎಣಿಸಿ ನೋಡಿ. ಐದು ಕಪ್, ಕಪ್ಪಿಗೆ ಎರಡು ಚಮಚ, 40 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎನ್ನುತ್ತದೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಿಗೆ ಗಲಾಟೆ ಮಾಡುವುದಿಲ್ಲ.

ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆವು ಎಂದು ಸಮಾಧಾನಪಡುವವರು ಮಹಾಲಿಂಗಪುರ, ಮುಧೋಳದ ಸೀಮೆಯಲ್ಲಿ ಬಹಳ. ಬೆಲ್ಲದ ಮೇಲೆ ನನಗೂ ಅಭಿಮಾನವಿದೆ. ಆದರೆ ಅದರ ಬಹುಪಾಲು ಸುಕ್ರೋಸೇ. ಖನಿಜಗಳ ಅಂಶ ಚಿಟಿಕೆಯಷ್ಟು. ನಾಳಕ್ಕೆ ಅದು ಕೆಂಪೋ ಬಿಳಿಯೋ ತಿಳಿಯುವುದಿಲ್ಲ. ವಿಜಯಪುರದ ಒಣದ್ರಾಕ್ಷಿಯಲ್ಲೂ ಮೂರನೆಯ ಎರಡು ಪಾಲು ಸಕ್ಕರೆ. ಮುಷ್ಟಿಗಟ್ಟಲೆ ಬೇಡ, ಹತ್ತು-ಹದಿನೈದು ಕಾಳು ಶೇಂಗಾದ ಜೊತೆ ಸಾಕು. ಬೆಳಗಾವಿಯ ಕುಂದಾದಲ್ಲಿ ಹಾಲಿನ ಕೊಬ್ಬು, ಸಕ್ಕರೆ ಎರಡೂ ಒಟ್ಟಿಗೆ ಕುದ್ದಿರುತ್ತವೆ, ಅದು ಅತಿಥಿ ಬಂದ ದಿನಕ್ಕಿರಲಿ. ಗೋಕಾಕ, ಅಮೀನಗಡದ ಕರದಂಟು ಇದ್ದುದರಲ್ಲಿ ವಾಸಿ, ಒಣಹಣ್ಣು-ಬೀಜಗಳಾದರೂ ಇವೆ. ಒಂದು ತುಂಡಿಗೆ ನಿಲ್ಲಿಸಬಲ್ಲವರಿಗೆ ಮಾತ್ರ ಈ ಮಾತು.

ಏಕಾದಶಿಯ ಸಾಬೂದಾಣಿ ಖಿಚಡಿಯ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಸಾಬೂದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ. ನಾರಿಲ್ಲ, ಪ್ರೋಟೀನ್ ಇಲ್ಲ. ಸಕ್ಕರೆ ಕಾಯಿಲೆಯವರ ಗ್ಲೂಕೋಸ್ ಮಾಮೂಲಿ ದಿನಕ್ಕಿಂತ ಉಪವಾಸದ ದಿನವೇ ಮೇಲೇರಲು ಇದೂ ಒಂದು ಕಾರಣ. ಮೊಸರು, ಹುರಿದ ಶೇಂಗಾ, ಪೇರಲ ಹಣ್ಣು ತಿಂದರೂ ವಿಠ್ಠಲ ಮುನಿಸಿಕೊಳ್ಳುವುದಿಲ್ಲ.

ಹಂತ 8: ಮತ್ತೆ ಪರೀಕ್ಷಿಸಿ

ಎಂಟರಿಂದ ಹನ್ನೆರಡು ವಾರದ ನಂತರ ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿನಲ್ಲಿ ಪರೀಕ್ಷೆ ಮಾಡಿಸಿ. ಹಿಂದಿನ ದಿನ ಮದುವೆ ಊಟ ಮಾಡಿ ಹೋಗಬೇಡಿ. ಪರೀಕ್ಷೆಗೆ ಹಿಂದಿನ ಮೂರು ದಿನ ಮಾತ್ರ ಪಥ್ಯ ಮಾಡಿ ವರದಿಯನ್ನು ಮೋಸಗೊಳಿಸುವುದೂ ಬೇಡ. ಟ್ರೈಗ್ಲಿಸರೈಡ್ ಕೆಲವೇ ದಿನಗಳ ಊಟಕ್ಕೂ ಕುಣಿಯುತ್ತದೆ, ಎಲ್‌ಡಿಎಲ್ ವಾರಗಳನ್ನು ಕೇಳುತ್ತದೆ. ಟ್ರೈಗ್ಲಿಸರೈಡ್ ಇಳಿದು ಎಲ್‌ಡಿಎಲ್ ಹಾಗೇ ಉಳಿದಿದ್ದರೆ ನಾಲ್ಕನೆಯ ಹಂತಕ್ಕೆ ಮರಳಿ. ತಿರುಗುಮುರುಗಾಗಿದ್ದರೆ ಐದು ಮತ್ತು ಏಳನೆಯ ಹಂತಗಳನ್ನು ಬಿಗಿ ಮಾಡಿ. ಟ್ರೈಗ್ಲಿಸರೈಡ್ 500 ದಾಟಿದ್ದರೆ ಮೇದೋಜೀರಕ ಗ್ರಂಥಿಗೇ ಅಪಾಯ. ಹನ್ನೆರಡು ವಾರ ಕಾಯದೆ ವೈದ್ಯರ ಬಳಿ ಹೋಗಿ.

ಈಗಾಗಲೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಸ್ಟೆಂಟ್ ಹಾಕಿಸಿಕೊಂಡವರು ಊಟ ಬದಲಿಸಿದ್ದೇವೆಂದು ಮಾತ್ರೆ ಬಿಡಬೇಡಿ. ವರದಿಯಲ್ಲಿ ಎಲ್‌ಡಿಎಲ್ 70ಕ್ಕೆ ಬಂದಿದ್ದರೆ ಅದರಲ್ಲಿ ಮಾತ್ರೆಯ ಪಾಲು ದೊಡ್ಡದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ನಡೆಯುತ್ತಿರುವವರು ಅನ್ನ ತಗ್ಗಿಸುವ ಮೊದಲೇ ವೈದ್ಯರಿಗೆ ತಿಳಿಸಿ. ಊಟ ಇಳಿದು ಡೋಸ್ ಹಾಗೇ ಇದ್ದರೆ ಸಕ್ಕರೆ ಕುಸಿದು ತಲೆ ತಿರುಗಿ ಬೀಳುವ ಸಂಭವವಿದೆ. ಹೋಗುವಾಗ ಹಳೆಯ ವರದಿ, ಹೊಸ ವರದಿ ಎರಡನ್ನೂ ಒಯ್ಯಿರಿ, ಜೊತೆಗೆ ತಿಂಗಳ ಕಿರಾಣಿ ಚೀಟಿಯನ್ನೂ.